ಎರಡು ಪ್ರಶ್ನೆ, ಒಂದೇ ರಾಜೀನಾಮೆ ಪತ್ರ: ಫ್ರೀಲಾನ್ಸ್‌ಗೆ ಹೊರಟ ಒಬ್ಬರ ಪ್ರಕರಣ

ಕೆಲಸ ಬದಲಿಸುವ ವಿಚಾರಕ್ಕೆ ಸಲಹೆ ಕೇಳಿಕೊಂಡು ನನ್ನ ಬಳಿ ಬಂದ ಒಬ್ಬರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಕಂಪನಿ ಯಾವುದೆಂದು ಗೊತ್ತಾಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹಣದ ಮಾತು ಬಂದಾಗ ಅವರ ವರ್ಷದ ಸಂಬಳವನ್ನು 100 ಎಂದು ಇಟ್ಟುಕೊಂಡಿದ್ದೇನೆ. ಓದುವವರು ತಮ್ಮ ಸಂಬಳ ಹಾಕಿ ನೋಡಿಕೊಳ್ಳಬಹುದು.

ಹಿನ್ನೆಲೆ

ಆಕೆಗೆ ನಲವತ್ತರ ಆಸುಪಾಸು. ಮಧ್ಯಮ ಗಾತ್ರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷದ ಅನುಭವ. ಗಂಡನಿಗೂ ಸಂಬಳದ ಕೆಲಸ. ಒಬ್ಬ ಮಗ ಶಾಲೆಗೆ ಹೋಗುತ್ತಾನೆ. ಮನೆ ಸಾಲದ ಕಂತು ಇನ್ನೂ ಅರ್ಧದಷ್ಟು ಬಾಕಿ.

ಕೆಲವು ವರ್ಷಗಳ ಹಿಂದೆ ಕುಟುಂಬದ ಒಂದು ಸಮಾರಂಭದ ವಿಡಿಯೊ ಜೋಡಿಸಲು ಹೋಗಿ ಆಕೆಗೆ ಎಡಿಟಿಂಗ್ ಹುಚ್ಚು ಹಿಡಿದಿತ್ತು. ರಾತ್ರಿ ಮಗ ಮಲಗಿದ ಮೇಲೆ ಕೂತು ಕಲಿತರು. ಪರಿಚಯದವರಿಗೆ ಸುಮ್ನೆ ಮಾಡಿಕೊಟ್ಟರು. ಚೆನ್ನಾಗಿಯೇ ಮಾಡುತ್ತಿದ್ದರು. ನಾನು ಎಡಿಟರ್ ಅಲ್ಲ, ಆದರೂ ಎಲ್ಲಿ ಕತ್ತರಿಸಬೇಕು ಅನ್ನುವುದು ಆಕೆಗೆ ತಿಳಿದಿತ್ತು ಅಂತ ನೋಡಿದರೆ ಗೊತ್ತಾಗುತ್ತಿತ್ತು.

ನನ್ನ ಹತ್ತಿರ ಬಂದಾಗ ಆಕೆ ಕೇಳಿದ್ದು ಒಂದೇ ಮಾತು: "ಸರ್, ಕೆಲಸ ಬಿಟ್ಟು ಫ್ರೀಲಾನ್ಸ್ ಎಡಿಟರ್ ಆಗ್ಲಾ, ಬೇಡ್ವಾ? ಒಂದು ಹೇಳಿಬಿಡಿ." ರಾಜೀನಾಮೆ ಪತ್ರ ಆಗಲೇ ಬರೆದಿಟ್ಟಿದ್ದರು. ತಾರೀಖು ಮಾತ್ರ ಖಾಲಿ.

ತೊಡಕು

ಈ ಒಂದು ಪ್ರಶ್ನೆಯ ಒಳಗೆ ಎರಡು ಪ್ರಶ್ನೆ ಇದ್ದವು. ಅಕೌಂಟ್ಸ್ ಬಿಟ್ಟು ಎಡಿಟಿಂಗ್‌ಗೆ ಹೋಗುವುದಾ ಅನ್ನುವುದು ಒಂದು. ಸಂಬಳ ಬಿಟ್ಟು ಸ್ವಂತವಾಗಿ ದುಡಿಯುವುದಾ ಅನ್ನುವುದು ಇನ್ನೊಂದು. ಅಕೌಂಟ್ಸ್‌ನಲ್ಲೇ ಇದ್ದು ಫ್ರೀಲಾನ್ಸರ್ ಆಗಬಹುದು. ಯಾವುದೋ ಸ್ಟುಡಿಯೋದಲ್ಲಿ ಸಂಬಳಕ್ಕೆ ಸೇರಿ ಎಡಿಟರ್ ಆಗಬಹುದು. ಎರಡನ್ನೂ ಒಂದೇ ದಿನ ಬದಲಿಸಿದರೆ, ಆಮೇಲೆ ಏನಾದರೂ ಕೆಟ್ಟಾಗ ಕೆಟ್ಟದ್ದು ಯಾವುದು ಅಂತಲೇ ತಿಳಿಯುವುದಿಲ್ಲ. ದುಡ್ಡು ಬರುತ್ತಿಲ್ಲ ಅನ್ನಿ. ಕೈಕೆಲಸ ಸಾಲದಾ? ಗಿರಾಕಿ ಹುಡುಕುವುದು ಬರುವುದಿಲ್ವಾ? ಎರಡಕ್ಕೂ ಮದ್ದು ಬೇರೆ ಬೇರೆ.

ಆಕೆಗೆ ಇದು ಇಷ್ಟವಾಗಲಿಲ್ಲ. "ನನಗೆ ಎರಡೂ ಸಾಕಾಗಿದೆ" ಅಂದರು. ಹಾಗಾದರೆ ಏನು ಸಾಕಾಗಿದೆ ಅಂತ ಸ್ವಲ್ಪ ದಿನ ಬರೆದುಕೊಂಡು ಬನ್ನಿ ಅಂದೆ. ಬೇಜಾರಾದ ಪ್ರತಿ ಸಲ ಒಂದೇ ಸಾಲು. ಪಕ್ಕದಲ್ಲಿ ಒಂದು ಗುರುತು: ಬೇಜಾರು ಕೆಲಸದ್ದಾ, ಜನರದ್ದಾ, ವ್ಯವಸ್ಥೆಯದ್ದಾ.

ಆ ಹಾಳೆಯಲ್ಲಿದ್ದ ಕೆಲವು ಸಾಲುಗಳು ಹೀಗಿದ್ದವು. "ಒಂದೇ ವಿಷಯಕ್ಕೆ ಮೂರು ಮೀಟಿಂಗ್, ಮೂರರಲ್ಲೂ ನಾನು ಬೇಕಿರಲಿಲ್ಲ." "ಬ್ಯಾಂಕ್ ಲೆಕ್ಕ ತಾಳೆ ಆಗಲಿಲ್ಲ, ಸಂಜೆ ಸಿಕ್ಕಿತು, ಖುಷಿ ಆಯ್ತು." "ಮಗನ ಶಾಲೆ ಕಾರ್ಯಕ್ರಮಕ್ಕೆ ರಜೆ ಕೇಳಬೇಕಾಯ್ತು, ಮುಖ ನೋಡಿದರು." "ತಿಂಗಳ ಕೊನೆ ಕ್ಲೋಸಿಂಗ್, ಹತ್ತು ಗಂಟೆ ರಾತ್ರಿ." (ಕ್ಲೋಸಿಂಗ್ ಅಂದರೆ ಆ ತಿಂಗಳ ಲೆಕ್ಕ ಪೂರ್ತಿ ಮುಗಿಸುವುದು.)

ಎರಡನೆಯ ಸಾಲನ್ನು ಗಮನಿಸಿ. ಅದು ಬೇಜಾರಿನ ಪಟ್ಟಿಯಲ್ಲಿ ಇರಬೇಕಾದದ್ದೇ ಅಲ್ಲ. ಒಟ್ಟು ಪಟ್ಟಿಯಲ್ಲಿ ಲೆಕ್ಕದ ಕೆಲಸದ ಮೇಲೆ ಸಿಟ್ಟು ಇದ್ದ ಸಾಲುಗಳು ತೀರಾ ಕಡಿಮೆ. ಸಮಯ ತನ್ನ ಕೈಯಲ್ಲಿಲ್ಲ ಅನ್ನುವ ಗೋಳೇ ಜಾಸ್ತಿ. ಅಂದರೆ ಆಕೆಯನ್ನು ಹೊರಗೆ ತಳ್ಳುತ್ತಿದ್ದದ್ದು ಅಕೌಂಟ್ಸ್ ಅಲ್ಲ, ಸಂಬಳದ ಕೆಲಸದ ಕಟ್ಟುಪಾಡು. ಎಡಿಟಿಂಗ್ ಕಡೆ ಸೆಳೆಯುತ್ತಿದ್ದದ್ದು ನಿಜವಾದ ಆಸೆಯೇ, ಅದರಲ್ಲಿ ಅನುಮಾನ ಇರಲಿಲ್ಲ. ಆದರೆ ತಳ್ಳುವುದೂ ಸೆಳೆಯುವುದೂ ಬೇರೆ ಬೇರೆ ಕಡೆಯಿಂದ ಬರುತ್ತಿದ್ದವು.

ಲೆಕ್ಕ

ಲೆಕ್ಕದವರಿಗೇ ಲೆಕ್ಕ ಹೇಳುವುದು ಮುಜುಗರ. ಆದರೂ ಈ ಒಂದು ಕಡೆ ಬಹಳ ಜನ ಎಡವುತ್ತಾರೆ, ಆಕೆಯೂ ಎಡವಿದ್ದರು. ವರ್ಷದ ಸಂಬಳವನ್ನು 260 ಕೆಲಸದ ದಿನಕ್ಕೆ ಭಾಗಿಸಿ ದಿನದ ದರ ಇಟ್ಟುಕೊಂಡಿದ್ದರು. ವಾರಕ್ಕೆ ಐದು ದಿನದಂತೆ 52 ವಾರಕ್ಕೆ 260 ಸರಿ. ಸಂಬಳ 100 ಆದರೆ ದಿನಕ್ಕೆ 0.38. "ಇಷ್ಟು ಸಿಕ್ಕರೆ ಸಾಕಲ್ವಾ?"

ಸಾಲದು. ಕೂತು ಒಟ್ಟಿಗೆ ಲೆಕ್ಕ ಹಾಕಿದೆವು. ಹಬ್ಬ, ರಜೆ, ಜ್ವರ ಎಲ್ಲ ಕಳೆದರೆ 225 ದಿನ ಉಳಿಯುತ್ತದೆ. ಅಷ್ಟೂ ದಿನ ಬಿಲ್ ಮಾಡಲಾಗುವುದಿಲ್ಲ. ಕೆಲಸ ಹುಡುಕಬೇಕು, ಕೊಟೇಶನ್ ಬರೆಯಬೇಕು, ಫೋನಿನಲ್ಲಿ ಮಾತಾಡಬೇಕು, ಇನ್‌ವಾಯ್ಸ್ ಕಳಿಸಿ ಬೆನ್ನು ಹತ್ತಬೇಕು, ಹೊಸದು ಕಲಿಯಬೇಕು. ನೂರಕ್ಕೆ ಅರವತ್ತು ದಿನ ಬಿಲ್ ಆಗುತ್ತದೆ ಅಂತ ಹಿಡಿದರೆ 135 ದಿನ. ಇನ್ನು ಖರ್ಚಿನ ಕಡೆ ನೋಡಿ. ಕಂಪನಿ ಸದ್ದಿಲ್ಲದೆ ಕಟ್ಟುತ್ತಿದ್ದ ಆರೋಗ್ಯ ವಿಮೆ, ನಿವೃತ್ತಿ ನಿಧಿ ಮುಂತಾದವಕ್ಕೆ 20. ಕಂಪ್ಯೂಟರ್, ಸಾಫ್ಟ್‌ವೇರ್, ಹಾರ್ಡ್ ಡಿಸ್ಕ್, ಕರೆಂಟು, ಇಂಟರ್ನೆಟ್ ಎಲ್ಲ ಸೇರಿ 15. ಈಗ ಬೇಕಾದದ್ದು 135. ದಿನಗಳೂ 135. ದಿನಕ್ಕೆ 1.

0.38 ಎಲ್ಲಿ, 1 ಎಲ್ಲಿ! ಎರಡೂವರೆ ಪಟ್ಟಿಗಿಂತ ಹೆಚ್ಚು. ಇದನ್ನು ನೋಡಿ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕ್ಯಾಲ್ಕ್ಯುಲೇಟರ್ ತೆಗೆದುಕೊಂಡು ತಾವೇ ಮತ್ತೊಮ್ಮೆ ಮಾಡಿ ನೋಡಿದರು.

ಪ್ರಯೋಗ

ರಾಜೀನಾಮೆಗೆ ಮೊದಲು ಎರಡು ಪ್ರಶ್ನೆಗೂ ಬೇರೆ ಬೇರೆ ಪರೀಕ್ಷೆ ಮಾಡುವುದು ಅಂತಾಯಿತು. ಅದಕ್ಕೂ ಮುಂಚೆ ಕಂಪನಿಯ ನೇಮಕಾತಿ ಪತ್ರ ಓದಿಸಿದೆ. ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಬೇಕು ಎಂದಿತ್ತು. ನೌಕರಿಯಲ್ಲಿರುವಾಗ ಮಾಡಿದ್ದೆಲ್ಲ ಕಂಪನಿಯದು ಅನ್ನುವ ಅರ್ಥ ಬರುವ ಸಾಲೂ ಇತ್ತು. ಇಂಥ ಸಾಲುಗಳನ್ನು ಯಾರೂ ಓದಿರುವುದಿಲ್ಲ. ಆಕೆ ಅನುಮತಿ ಕೇಳಿದರು. ಕಂಪನಿಯ ವ್ಯವಹಾರಕ್ಕೂ ವಿಡಿಯೊಗೂ ಸಂಬಂಧವಿಲ್ಲದ್ದರಿಂದ ಮೇಲ್‌ನಲ್ಲೇ ಒಪ್ಪಿಗೆ ಸಿಕ್ಕಿತು.

ಮೊದಲ ಪರೀಕ್ಷೆ: ಪರಿಚಯ ಇಲ್ಲದವರಿಗೆ, ದುಡ್ಡು ತೆಗೆದುಕೊಂಡು ಎಡಿಟಿಂಗ್. ಒಂದು ಸಣ್ಣ ತರಬೇತಿ ಸಂಸ್ಥೆಗೆ ಐದು ನಿಮಿಷದ ವಿಡಿಯೊ. ಒಟ್ಟಾರೆ ಇಷ್ಟು ಅಂತ ಒಂದೇ ಮೊತ್ತ ಮಾತಾಯಿತು. ಎಷ್ಟು ಸಲ ತಿದ್ದಬೇಕು ಅನ್ನುವ ಮಾತು ಎತ್ತಲೇ ಇಲ್ಲ.

ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ, ಕಳಿಸಿದರು, ಚೆನ್ನಾಗಿದೆ ಅಂದರು. ತಿದ್ದಿದ್ದು ಕಳಿಸಿದರು, ತುಂಬಾ ಚೆನ್ನಾಗಿದೆ ಅಂದರು. ಎಲ್ಲ ಮುಗಿದು ಬಣ್ಣ ಸರಿಮಾಡಿ, ಸದ್ದು ಸರಿಮಾಡಿ, ಫೈನಲ್ ರೆಂಡರ್ (ಕಂಪ್ಯೂಟರ್ ತಯಾರಿಸುವ ಪೂರ್ತಿ ವಿಡಿಯೊ ಫೈಲ್) ಕೊಟ್ಟ ಮೇಲೆ ಒಂದು ಮೆಸೇಜ್ ಬಂತು: "ಮೇಡಂ, ಒಂದೇ ಒಂದು ಸಣ್ಣ ಬದಲಾವಣೆ. ಮ್ಯೂಸಿಕ್ ಬೇರೆ ಹಾಕಿ." ನೋಡುವವರಿಗೆ ಇದು ಸಣ್ಣದೇ. ಆದರೆ ಆಕೆ ದೃಶ್ಯಗಳನ್ನು ಕತ್ತರಿಸಿದ್ದು ಆ ಸಂಗೀತದ ತಾಳಕ್ಕೆ. ಹೊಸ ಸಂಗೀತದ ವೇಗವೇ ಬೇರೆ. ಟೈಮ್‌ಲೈನಿನಲ್ಲಿ ಒಂದೊಂದು ಕತ್ತರಿಯನ್ನೂ ನಾಲ್ಕು ಫ್ರೇಮ್ ಆಚೆ, ಆರು ಫ್ರೇಮ್ ಈಚೆ ಸರಿಸಬೇಕು. ಒಂದು ಕಡೆ ಸರಿಸಿದರೆ ಮಾತಿನ ಕೊನೆ ನುಂಗಿಹೋಗುತ್ತದೆ. ಶನಿವಾರ, ಭಾನುವಾರ ಎರಡೂ ಹೋದವು. ಆಮೇಲೆ ಲೋಗೊ ಬದಲಾಯಿತು. ಆಮೇಲೆ ಒಬ್ಬರು ಸಂಸ್ಥೆ ಬಿಟ್ಟುಹೋದರು, ಅವರಿರುವ ತುಣುಕು ತೆಗೆಯಬೇಕಾಯಿತು.

ದುಡ್ಡನ್ನು ಗಂಟೆಗೆ ಭಾಗಿಸಿದರೆ ಕಚೇರಿಯಲ್ಲಿ ಸಿಗುವುದರ ಕಾಲು ಭಾಗವೂ ಬರಲಿಲ್ಲ. ಆದರೂ ಈ ಪರೀಕ್ಷೆಯನ್ನು ನಾನು ಸೋಲು ಅನ್ನುವುದಿಲ್ಲ. ಮೂರನೇ ಸಲ ತಿದ್ದುವಾಗಲೂ ಆಕೆಗೆ ಎಡಿಟಿಂಗ್ ಮೇಲೆ ಬೇಸರ ಬರಲಿಲ್ಲ. ಬಂದದ್ದು ಒಪ್ಪಂದದ ಮೇಲೆ. ಎಷ್ಟೋ ಜನಕ್ಕೆ ಹವ್ಯಾಸದ ರುಚಿ ಮೊದಲ ಕಟುವಾದ ಗಿರಾಕಿಯ ಜೊತೆಗೇ ಹೊರಟುಹೋಗುತ್ತದೆ. ಆಕೆಗೆ ಹೋಗಲಿಲ್ಲ. ಅದು ಬಹಳ ಬೆಲೆಯ ಮಾಹಿತಿ.

ಆಮೇಲೆ ಆಕೆ ಒಂದು ಪುಟದ ಷರತ್ತು ಬರೆದರು. ಅರ್ಧ ಹಣ ಮುಂಗಡ. ಎರಡು ಸುತ್ತು ತಿದ್ದುಪಡಿ ಬೆಲೆಯಲ್ಲೇ ಸೇರಿದೆ, ಮೂರನೆಯದಕ್ಕೆ ಗಂಟೆ ಲೆಕ್ಕ. ಪಿಕ್ಚರ್ ಲಾಕ್‌ಗೆ, ಅಂದರೆ ದೃಶ್ಯಗಳ ಜೋಡಣೆ ಇನ್ನು ಬದಲಾಗುವುದಿಲ್ಲ ಅನ್ನುವ ಹಂತಕ್ಕೆ, ಒಪ್ಪಿಗೆ ಕೊಟ್ಟ ಮೇಲೆ ಸಂಗೀತ ಅಥವಾ ದೃಶ್ಯ ಬದಲಿಸಿದರೆ ಅದು ಹೊಸ ಕೆಲಸ. ಗಿರಾಕಿ ಕಡೆಯಿಂದ ಒಪ್ಪಿಗೆ ಹೇಳುವವರು ಒಬ್ಬರೇ. ಈ ಕೊನೆಯ ಷರತ್ತೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂತ ಈಗಲೂ ಹೇಳುತ್ತಾರೆ.

ಎರಡನೇ ಪರೀಕ್ಷೆ ಹಳೆಯ ಕೆಲಸವನ್ನೇ ಫ್ರೀಲಾನ್ಸ್ ಆಗಿ ಮಾಡುವುದು. ಅಕೌಂಟ್ಸ್ ಆದ್ದರಿಂದ ಕಂಪನಿಯ ಅನುಮತಿ ಮತ್ತೆ ಕೇಳಬೇಕಾಗಿತ್ತು. ಅದು ಸಿಗಲಿಲ್ಲ. ಹಾಗಾಗಿ ಈ ಪರೀಕ್ಷೆ ಆಗಲೇ ಇಲ್ಲ.

ತಿರುವು

ಇಷ್ಟರಲ್ಲಿ ಕಂಪನಿಗೆ ಸುಳಿವು ಸಿಕ್ಕಿತ್ತು. ಆಕೆಯನ್ನು ಕರೆದು ಬಡ್ತಿ ಕೊಡುತ್ತೇವೆ, ಸಂಬಳ ಏರಿಸುತ್ತೇವೆ ಅಂದರು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನಾನು ಆ ಹಳೆಯ ಬೇಜಾರಿನ ಹಾಳೆ ತೆಗೆಯಲು ಹೇಳಿದೆ. ಬಡ್ತಿಯಿಂದ ಆ ಪಟ್ಟಿಯ ಯಾವ ಸಾಲು ಅಳಿಸಿಹೋಗುತ್ತದೆ? ಒಂದೂ ಇಲ್ಲ. ಮೀಟಿಂಗ್ ಇನ್ನೂ ಹೆಚ್ಚಾಗುತ್ತದೆ.

ಆಕೆ ಬಡ್ತಿ ಬೇಡ ಅಂದರು. ಬದಲಿಗೆ ಬೇರೆಯೇ ಒಂದು ಪ್ರಸ್ತಾಪ ಇಟ್ಟರು. ನೌಕರಿ ಬಿಡುತ್ತೇನೆ, ಆದರೆ ಆರು ತಿಂಗಳು ಪ್ರತಿ ತಿಂಗಳ ಕ್ಲೋಸಿಂಗ್ ಕೆಲಸವನ್ನು ಗುತ್ತಿಗೆ ಮೇಲೆ ಮಾಡಿಕೊಡುತ್ತೇನೆ, ಹೊಸಬರಿಗೆ ಕಲಿಸಿಕೊಡುತ್ತೇನೆ. ಕಂಪನಿಗೆ ನಿಜವಾದ ಭಯ ಇದ್ದದ್ದು ಅಲ್ಲೇ, ತಿಂಗಳ ಮೊದಲ ವಾರದ ಲೆಕ್ಕ ಯಾರು ಮುಗಿಸುತ್ತಾರೆ ಅಂತ. ಒಪ್ಪಿಕೊಂಡರು. ಈ ಉಪಾಯ ನನ್ನದಲ್ಲ, ಪೂರ್ತಿ ಆಕೆಯದ್ದೇ.

ಒಂದು ಎಚ್ಚರ ಇಲ್ಲಿ ಹೇಳಬೇಕು. ಹಳೆಯ ಕಂಪನಿಯ ಕೆಲಸವನ್ನು ಅದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ, ಅದೇ ಮೇಲಧಿಕಾರಿಯ ಕೈಕೆಳಗೆ ಮಾಡಿದರೆ ತೆರಿಗೆಯವರು ಅದನ್ನು ಫ್ರೀಲಾನ್ಸ್ ಅಂತ ಒಪ್ಪದೇ ಇರಬಹುದು. ಬ್ರಿಟನ್‌ನಲ್ಲಿ ಇದಕ್ಕೆಂದೇ 2000ದಿಂದ ಐಆರ್35 ಅನ್ನುವ ನಿಯಮ ಇದೆ. ಬೇರೆ ದೇಶಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೇ ಪ್ರಶ್ನೆ ಏಳುತ್ತದೆ. ಆಕೆ ಒಪ್ಪಂದದಲ್ಲಿ ಕೆಲಸ ಯಾವುದು, ಯಾವ ತಾರೀಖಿಗೆ ಕೊಡಬೇಕು ಅಂತ ಮಾತ್ರ ಬರೆಸಿದರು. ಎಷ್ಟು ಗಂಟೆಗೆ ಬರಬೇಕು ಅಂತ ಬರೆಸಲಿಲ್ಲ.

ಸಂಬಳ ಇರುವಾಗಲೇ ಇನ್ನೆರಡು ಕೆಲಸ ಮುಗಿಸಿಕೊಂಡರು. ಸ್ವಂತ ಆರೋಗ್ಯ ವಿಮೆ ಮಾಡಿಸಿದರು, ಯಾಕೆಂದರೆ ಮೊದಲೇ ಇರುವ ಕಾಯಿಲೆಗೆ ಹಲವು ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. ಮನೆ ಸಾಲವನ್ನು ಕಡಿಮೆ ಬಡ್ಡಿಗೆ ಬದಲಿಸಿಕೊಂಡರು. ಸ್ವಂತ ದುಡಿಮೆಯವರು ಸಾಲ ಕೇಳಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ತೆರಿಗೆ ದಾಖಲೆ ಕೇಳುತ್ತವೆ. ಸಂಬಳದ ಚೀಟಿ ಇದ್ದಾಗ ಆಗುವ ಕೆಲಸ ಆಮೇಲೆ ಆಗುವುದಿಲ್ಲ.

ಕೊನೆಯದಾಗಿ ಒಂದು ಗೆರೆ. ಮನೆಗೆ ತನ್ನ ಪಾಲಿನ ಖರ್ಚಿನ ಲೆಕ್ಕದಲ್ಲಿ ಹನ್ನೆರಡು ತಿಂಗಳ ಹಣ ಕೂಡಿಟ್ಟಿದ್ದರು. ಅದು ಆರು ತಿಂಗಳಿಗೆ ಇಳಿದ ದಿನ ಸಂಬಳದ ಕೆಲಸವೋ, ಖಾಯಂ ಗುತ್ತಿಗೆಯೋ ಹುಡುಕಲು ಶುರು ಮಾಡುವುದು. ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದರು. ಆರು ತಿಂಗಳು ಯಾಕೆ, ಸೊನ್ನೆ ಯಾಕಲ್ಲ? ಹುಡುಕಲು ಶುರು ಮಾಡಿದ ದಿನವೇ ಕೆಲಸ ಸಿಗುವುದಿಲ್ಲ. ಕೈ ಖಾಲಿಯಾದ ಮೇಲೆ ಹುಡುಕುವವರು ಸಿಕ್ಕಿದ್ದಕ್ಕೆ ತಲೆಯಾಡಿಸುತ್ತಾರೆ.

ಏನಾಯಿತು

ಮೊದಲ ಆರು ತಿಂಗಳು ಹಬ್ಬದ ಹಾಗೆ ನಡೆಯಿತು. ಕ್ಲೋಸಿಂಗ್‌ನ ಹಣ ತಿಂಗಳು ತಿಂಗಳು ಬರುತ್ತಿತ್ತು. ಒಂದು ದೊಡ್ಡ ಗಿರಾಕಿಯೂ ಸಿಕ್ಕಿತು, ವಾರಕ್ಕೆ ಎರಡು ವಿಡಿಯೊ. ಎಡಿಟಿಂಗ್ ಆದಾಯದ ಮುಕ್ಕಾಲು ಪಾಲು ಅವರೊಬ್ಬರಿಂದಲೇ. ಹೀಗೆ ಒಬ್ಬರ ಮೇಲೆ ನಿಂತರೆ ಅಪಾಯ ಅಂತ ಆಕೆಗೆ ಗೊತ್ತಿತ್ತು. ಆದರೆ ಆ ಕೆಲಸವೇ ದಿನ ತುಂಬಿಸುತ್ತಿತ್ತು. ಹೊಸಬರನ್ನು ಹುಡುಕಲು ಹೊತ್ತೆಲ್ಲಿ? ಫ್ರೀಲಾನ್ಸ್‌ನಲ್ಲಿ ಸಿಕ್ಕಿಬೀಳುವುದು ಕೆಲಸ ಇಲ್ಲದಾಗಲ್ಲ, ಕೆಲಸ ಜಾಸ್ತಿ ಇದ್ದಾಗ. ಆಗ ಹುಡುಕದೆ ಬಿಟ್ಟದ್ದರ ಫಲ ಎರಡು ಮೂರು ತಿಂಗಳು ಬಿಟ್ಟು ಕಾಣಿಸುತ್ತದೆ.

ಏಳನೇ ತಿಂಗಳು ಗುತ್ತಿಗೆ ಮುಗಿಯಿತು. ಅದು ಮೊದಲೇ ಗೊತ್ತಿದ್ದದ್ದು. ಅದೇ ತಿಂಗಳು ಆ ದೊಡ್ಡ ಗಿರಾಕಿ ವಿಡಿಯೊ ವಿಭಾಗವನ್ನೇ ಮುಚ್ಚಿದರು. ಅದು ಗೊತ್ತಿರಲಿಲ್ಲ. ಕೊನೆಯ ಎರಡು ಇನ್‌ವಾಯ್ಸ್ ಹಣ ಬರಲು ಬಹಳ ತಡವಾಯಿತು. ಇದು ಎಲ್ಲ ಕಡೆಯ ಕಥೆ. ನ್ಯೂಯಾರ್ಕ್ ನಗರದಲ್ಲಿ 2017ರಲ್ಲಿ ಫ್ರೀಲಾನ್ಸರ್‌ಗಳಿಗಾಗಿಯೇ ಜಾರಿಗೆ ಬಂದ ಕಾನೂನು, ಒಪ್ಪಂದದಲ್ಲಿ ತಾರೀಖು ಇಲ್ಲದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ. ಭಾರತದಲ್ಲಿ 2006ರ ಎಂಎಸ್‌ಎಂಇಡಿ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ನೋಂದಾಯಿತ ಸಣ್ಣ ಉದ್ಯಮಗಳಿಗೆ ಹಣ ಕೊಡಲು 45 ದಿನದ ಮಿತಿ ಹಾಕಿದೆ. ಕಾನೂನು ಮಾಡಬೇಕಾಗಿ ಬಂದಿದೆ ಅಂದರೆ ತಡ ಮಾಡುವುದು ಎಷ್ಟು ಮಾಮೂಲು ಅಂತ ಊಹಿಸಿಕೊಳ್ಳಿ. ಆಕೆ ಮುಂಗಡ ತೆಗೆದುಕೊಂಡಿದ್ದರಿಂದ ಅರ್ಧವಾದರೂ ಕೈಯಲ್ಲಿತ್ತು.

ಉಳಿತಾಯ ಇಳಿಯುತ್ತಾ ಬಂದು ಗೆರೆ ಮುಟ್ಟಿತು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇಲ್ಲಿಂದ ಮುಂದಿನ ಒಂದು ವಾರ. ಆಕೆ ಗೆರೆ ಸ್ವಲ್ಪ ಕೆಳಗೆ ಇಳಿಸೋಣ ಅಂದರು. ಎರಡು ಕೊಟೇಶನ್ ಕಳಿಸಿದ್ದೇನೆ, ಮುಂದಿನ ತಿಂಗಳು ಖಂಡಿತ ಬರುತ್ತೆ. ಗಂಡ ಹೆಚ್ಚು ಮಾತಾಡಲಿಲ್ಲ. "ಆ ಚೀಟಿ ಬರೆದಾಗ ನೀನು ನಿದ್ದೆ ಮಾಡ್ತಿದ್ದೆ, ಈಗ ಮಾಡ್ತಿಲ್ಲ. ಯಾವಾಗ ಬರೆದದ್ದು ಸರಿ ಇರುತ್ತೆ ನೀನೇ ಹೇಳು" ಅಂದರಂತೆ. ಆಕೆ ಮಾರನೇ ದಿನದಿಂದ ಫೋನ್ ಮಾಡಲು ಶುರು ಮಾಡಿದರು.

ಸಂಬಳದ ಕೆಲಸ ಸಿಗಲಿಲ್ಲ. ಒಂದು ವಿಡಿಯೊ ಸ್ಟುಡಿಯೋದವರು ಮಾತ್ರ ಬೇರೆ ಮಾತು ಹೇಳಿದರು: ನಮ್ಮ ಗಿರಾಕಿಗಳ ಕೆಲಸ ನೀವು ಎಡಿಟ್ ಮಾಡಿಕೊಡಿ, ತಿಂಗಳಿಗೆ ಇಷ್ಟು ದಿನ ಖಾತ್ರಿ. ಕೊಡುವ ದರ ಆಕೆಯ ಸ್ವಂತ ದರದ ನೂರಕ್ಕೆ ಅರವತ್ತು. ಆಕೆಗೆ ಅವಮಾನ ಅನಿಸಿತು.

ಆದರೆ ಲೆಕ್ಕದವರು ಲೆಕ್ಕದವರೇ. ಹೊರಬಂದ ದಿನದಿಂದ ಗಂಟೆಗಳನ್ನು ಬರೆದಿಟ್ಟಿದ್ದರು, ಬಿಲ್ ಆದದ್ದು, ಆಗದ್ದು ಎರಡನ್ನೂ. ಸ್ವಂತ ಗಿರಾಕಿಗಳಿಗೆ ಹತ್ತು ಗಂಟೆ ಬಿಲ್ ಮಾಡಲು ಒಂಬತ್ತು ಗಂಟೆ ಬಿಲ್ ಆಗದ ಓಡಾಟ ಇತ್ತು. ಹತ್ತೊಂಬತ್ತು ಗಂಟೆಗೆ ಹತ್ತು ಗಂಟೆಯ ದುಡ್ಡು, ಅಂದರೆ ಕೈಗೆ ಬರುವುದು ಹೇಳಿದ ದರದ ನೂರಕ್ಕೆ 53. ಸ್ಟುಡಿಯೋ ಕೆಲಸದಲ್ಲಿ ಹತ್ತು ಗಂಟೆಗೆ ಒಂದು ಗಂಟೆ ಮಾತುಕತೆ ಅಷ್ಟೇ. ಅರವತ್ತರ ದರ ಹನ್ನೊಂದು ಗಂಟೆಗೆ ಹರಡಿದರೆ ಸುಮಾರು 55. ಅವಮಾನ ಅನಿಸಿದ ದರವೇ ಕೂದಲೆಳೆಯಷ್ಟು ಮೇಲೆ! ಹಣ ಮುಳುಗುವ ಭಯವೂ ಕಡಿಮೆ.

ಆ ಟಿಪ್ಪಣಿ ಇನ್ನೊಂದನ್ನೂ ತೋರಿಸಿತು. ಬಿಲ್ ಆಗದ ಗಂಟೆಗಳ ಎದುರಿಗೆ ಆಕೆ ಅಲ್ಲಲ್ಲಿ "ತಲೆನೋವು" ಅಂತ ಬರೆದಿದ್ದರು. ಎಡಿಟಿಂಗ್ ಗಂಟೆಗಳ ಎದುರಿಗೆ ಹಾಗೆ ಎಲ್ಲೂ ಇಲ್ಲ. ಗಿರಾಕಿ ಹುಡುಕುವುದು, ಬೆಲೆ ಚೌಕಾಸಿ ಆಕೆಗೆ ಒಗ್ಗುವುದಿಲ್ಲ. ಇದು ನೌಕರಿಯಲ್ಲಿದ್ದಾಗ ತಿಳಿಯುವಂಥದ್ದಲ್ಲ, ತಿಂಗಳುಗಟ್ಟಲೆ ಮಾಡಿದ ಮೇಲೇ ತಿಳಿಯುವುದು.

ಸ್ಟುಡಿಯೋ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಕಡೆ ಹಗ್ಗಜಗ್ಗಾಟ ನಡೆಯಿತು. ಸ್ಟುಡಿಯೋದ ಗಿರಾಕಿಗಳ ಹತ್ತಿರ ನೇರವಾಗಿ ಕೆಲಸ ತೆಗೆದುಕೊಳ್ಳಬಾರದು ಎಂದಿತ್ತು, ಅದು ನ್ಯಾಯವೇ. ಆದರೆ ಬೇರೆ ಯಾರಿಗೂ ಎಡಿಟಿಂಗ್ ಮಾಡಬಾರದು ಅಂತಲೂ ಇತ್ತು. ಅದನ್ನು ಆಕೆ ತೆಗೆಸಿದರು. ತೆಗೆಯದಿದ್ದರೆ ಅದು ರಜೆಯೂ ವಿಮೆಯೂ ಇಲ್ಲದ ನೌಕರಿ ಆಗುತ್ತಿತ್ತು.

ಇದರಿಂದ ತಿಳಿಯುವುದು

ಬೇರೆಯವರಿಗೆ ಇದರಲ್ಲಿ ಉಪಯೋಗಕ್ಕೆ ಬರುವುದು ಸ್ಟುಡಿಯೋ ಅಲ್ಲ, ಎಡಿಟಿಂಗೂ ಅಲ್ಲ. ಮೊದಲು ಕೇಳಿದ "ಬಿಡ್ಲಾ, ಬೇಡ್ವಾ" ಅನ್ನುವ ಪ್ರಶ್ನೆ ಕೊನೆಗೆ ಮೂರಾಗಿತ್ತು: ಯಾವ ಕೆಲಸ, ಯಾವ ಕರಾರು, ಗಿರಾಕಿ ತರುವವರು ಯಾರು. ಮೊದಲನೆಯದಕ್ಕೆ ಉತ್ತರ ವಾರಾಂತ್ಯದಲ್ಲೇ ಸಿಕ್ಕಿತು. ಎರಡನೆಯದಕ್ಕೆ ಬೇಜಾರಿನ ಹಾಳೆಯಲ್ಲಿ. ಮೂರನೆಯದು ಕೇಳಬೇಕಾದ ಪ್ರಶ್ನೆ ಅಂತಲೇ ಯಾರಿಗೂ ಹೊಳೆದಿರಲಿಲ್ಲ. ಫ್ರೀಲಾನ್ಸ್ ಅಂದರೆ ಗಿರಾಕಿಯನ್ನು ತಾನೇ ಹುಡುಕುವುದು ಅಂತ ಎಲ್ಲರೂ ಹಿಡಿದುಬಿಡುತ್ತಾರೆ. ಆ ಭಾಗವನ್ನು ಬೇರೆಯವರಿಗೆ ಬಿಟ್ಟು ಅದಕ್ಕೆ ಬೆಲೆ ಕೊಡಬಹುದು. ಆ ಬೆಲೆ ಹೆಚ್ಚೋ ಕಡಿಮೆಯೋ ತಿಳಿಯಬೇಕಾದರೆ ಬಿಲ್ ಆಗದ ಗಂಟೆಯನ್ನೂ ಬರೆದಿಡಬೇಕು.

ಗೆರೆಯ ವಿಷಯ. ಹಲವರು ಬರೆಯುತ್ತಾರೆ, ಕೆಲವರೇ ಪಾಲಿಸುತ್ತಾರೆ. ಇಲ್ಲಿ ಅದು ಕೆಲಸ ಮಾಡಿದ್ದಕ್ಕೆ ಎರಡು ಕಾರಣ ಕಾಣುತ್ತದೆ. "ಫ್ರೀಲಾನ್ಸ್ ಬಿಡಬೇಕು" ಅಂತ ಅದರಲ್ಲಿ ಇರಲಿಲ್ಲ, ಹುಡುಕಲು ಶುರು ಮಾಡಬೇಕು ಅಂತಷ್ಟೇ ಇತ್ತು. ಮತ್ತೆ, ಅದನ್ನು ಓದುವವರು ಮನೆಯಲ್ಲಿ ಇನ್ನೊಬ್ಬರಿದ್ದರು. ಗಂಡನ ಸಂಬಳ ಇತ್ತು ಅನ್ನುವುದನ್ನೂ ಮರೆಯಬಾರದು. ಒಂಟಿ ದುಡಿಮೆಯ ಮನೆಯಲ್ಲಿ ಹನ್ನೆರಡು ತಿಂಗಳು ಸಾಲದು, ಗೆರೆಯೂ ಇನ್ನೂ ಮೇಲಿರಬೇಕು.

ಬಡ್ತಿಯನ್ನು ಬಿಟ್ಟದ್ದು ಸರಿಯಾ ಅಂತ ಕೆಲವರು ಕೇಳುತ್ತಾರೆ. ದುಡ್ಡಿನಲ್ಲಿ ನೋಡಿದರೆ ಸರಿಯಲ್ಲ. ಎರಡನೇ ವರ್ಷದ ಕೊನೆಗೆ ಆಕೆಯ ಆದಾಯ, ಖರ್ಚು ಕಳೆದು, ಹಳೆಯ ಸಂಬಳದ ನೂರಕ್ಕೆ 85ರ ಹತ್ತಿರ ಇದೆ. ಬಡ್ತಿಯ ಸಂಬಳಕ್ಕೆ ಹೋಲಿಸಿದರೆ ಇನ್ನೂ ಕಡಿಮೆ. ಆಕೆಗೆ ಇದು ಗೊತ್ತು, ಮುಚ್ಚಿಡುವುದೂ ಇಲ್ಲ. ಬೇಜಾರಿನ ಹಾಳೆಯಲ್ಲಿ ಸಮಯದ ಬಗ್ಗೆ ಇದ್ದ ಸಾಲುಗಳಲ್ಲಿ ಹೆಚ್ಚಿನವು ಈಗ ಇಲ್ಲ. ರಾತ್ರಿ ಹತ್ತು ಗಂಟೆಯದು ಮಾತ್ರ ಇದೆ, ಈಗ ಅದು ರೆಂಡರ್‌ಗೆ.

ಈಗ ಆಕೆಯ ಕೆಲಸದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸ್ಟುಡಿಯೋದ್ದು, ಉಳಿದದ್ದು ಹಳೆಯ ಪರಿಚಯದ ಮೂರ್ನಾಲ್ಕು ಗಿರಾಕಿಗಳದ್ದು. ಅದರಲ್ಲಿ ಇಬ್ಬರಿಗೆ ಎಡಿಟಿಂಗ್ ಜೊತೆ ಲೆಕ್ಕಪತ್ರವನ್ನೂ ನೋಡಿಕೊಡುತ್ತಾರೆ, ಅಂದರೆ ಆಗದೇ ಉಳಿದಿದ್ದ ಎರಡನೇ ಪರೀಕ್ಷೆ ತಡವಾಗಿ ನಡೆಯುತ್ತಿದೆ. ಕಳೆದ ತಿಂಗಳು ಸ್ಟುಡಿಯೋದವರು ಖಾಯಂ ಆಗಿ ಸಂಬಳಕ್ಕೆ ಬನ್ನಿ ಅಂದಿದ್ದಾರೆ. ಆಕೆ ಆಗುವುದಿಲ್ಲ ಅನ್ನಲಿಲ್ಲ. ಸಂಬಳದ ಬದಲು ಒಂದು ವರ್ಷದ ಗುತ್ತಿಗೆ, ವಾರಕ್ಕೆ ಮೂರು ದಿನ, ದರ ನೂರಕ್ಕೆ ಎಪ್ಪತ್ತು ಅಂತ ಬರೆದು ಕಳಿಸಿದ್ದಾರೆ. ಸ್ಟುಡಿಯೋದಿಂದ ಉತ್ತರ ಇನ್ನೂ ಬಂದಿಲ್ಲ.